ಕೋಳಿಗೂಡಾಗಬೇಕಿದ್ದ ಕಾರು

ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ಕಾರು ಕೆಟ್ಟರೆ ಬಾನೆಟ್ ಎತ್ತಿ ನೋಡುವವರದು ಒಂದು, ಬಾನೆಟ್ಟಿಗೆ ಕುಂಕುಮ ಹಚ್ಚುವವರದು ಇನ್ನೊಂದು. ನಾನು ಮೊದಲನೆಯ ಜಾತಿ. ನನ್ನ ಹೆಂಡತಿ ಅಶ್ವತ್ಥಮ್ಮ, ಅವಳ ತಾಯಿ, ತಂಗಿ, ತಂಗಿಯ ಗಂಡ, ಒಟ್ಟಿನಲ್ಲಿ ಮುರುಗಮಲ್ಲದ ಕಡೆಯ ಆ ಇಡೀ ವಂಶ ಎರಡನೆಯದು. ಈ ಅಜ್ಞಾನದ ಕತ್ತಲಲ್ಲಿ, ಇಂಟರ್‌ಮೀಡಿಯೆಟ್‌ನಲ್ಲಿ ಫಿಜಿಕ್ಸ್ ಓದಿದ ನಾನೊಬ್ಬ ಚಿಂತಾಮಣಿಯ ಪೇಟೆಯಲ್ಲಿ ಗ್ಯಾಸ್‌ಲೈಟಿನ ಹಾಗೆ ಉರಿಯುತ್ತಿದ್ದೆ. ಪಾಸಾದೆನೇ ಎಂದು ಕೇಳಬೇಡಿ. ಓದಿದೆ ಎಂದೆ, ಅಷ್ಟೆ.

ನನ್ನ ಕಾರು ಯುದ್ಧಕ್ಕೂ ಹಿಂದಿನದು. ಯಾರೋ ಇಂಗ್ಲಿಷ್ ದೊರೆ ಸೀಮೆಗೆ ಹಡಗು ಹತ್ತುವಾಗ ಮಾರಿ ಹೋದದ್ದು, ನಾಲ್ಕು ಕೈ ದಾಟಿ ನನ್ನಲ್ಲಿಗೆ ಬಂದಿತ್ತು. ಹ್ಯಾಂಡಲ್ ತಿರುವಿದರೆ ಒಮ್ಮೊಮ್ಮೆ ಹೊರಡುತ್ತಿತ್ತು. ಹೊರಟರೆ ಸಂತೆಯ ನಡುವೆಯೇ ನಿಲ್ಲುತ್ತಿತ್ತು. ಆದರೂ ಅದರ ಮೇಲೆ ನನಗೆ ಪ್ರಾಣ. ಕಾರಣ ಇಷ್ಟೇ: ನಮ್ಮೂರಲ್ಲಿ ಕಲ್ಲು ಎಸೆದರೆ ಯಾರಾದರೊಬ್ಬ ವೆಂಕಟರಾಮಪ್ಪನಿಗೆ ಬೀಳುತ್ತದೆ. 'ಕಾರಿನ ವೆಂಕಟರಾಮಪ್ಪ' ಮಾತ್ರ ನಾನೊಬ್ಬನೇ. ಕಾರು ಹೋದರೆ ನಾನೂ ಆ ರಾಶಿಯಲ್ಲಿ ಸೇರಿಹೋಗುತ್ತಿದ್ದೆ.

ಇಂಥ ಕಾರಿನ ಮೇಲೆ ಕಣ್ಣು ಹಾಕಿದವನು ನನ್ನ ಷಡ್ಡಕ ಗಂಗುಲಪ್ಪ. ಸಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ. ಅವನು ಹೊಸಿಲು ದಾಟುವ ಮುಂಚೆಯೇ ಗೂಡಿನ ವಾಸನೆ ಒಳಗೆ ಬಂದು ಕೂತಿರುತ್ತದೆ. ಓದು ಎಂದರೆ ಮಿಡ್ಲ್ ಸ್ಕೂಲಿನ ಬೆಂಚನ್ನು ಸವೆಸಿದ್ದು, ಅಷ್ಟೆ. ಹೊಸಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದವನು, ನನ್ನ ಕಾರಿನ ಮಡ್‌ಗಾರ್ಡನ್ನು ಹಲಸಿನಹಣ್ಣು ತಟ್ಟಿದ ಹಾಗೆ ತಟ್ಟಿ ನೋಡಿದ.

"ಅಣ್ಣಯ್ಯಾ, ಹೆಂಗೂ ಇದು ಓಡಲ್ಲ. ನಂಗೆ ಕೊಟ್ಬಿಡಿ. ಹಿತ್ಲಲ್ಲಿ ನಿಲ್ಸಿ ಕೋಳಿ ಸಾಕ್ತೀನಿ. ಗಟ್ಟಿ ತಗಡು, ನರಿ ಬಾಯಿ ಹಾಕಕ್ಕಾಗಲ್ಲ."

ನನ್ನ ರಕ್ತ ಕುದಿಯಿತು. "ಗಂಗುಲಪ್ಪಾ, ನಿನ್ನ ಗೃಹಪ್ರವೇಶಕ್ಕೆ ಅತ್ತೇನ ಇದೇ ಕಾರಲ್ಲಿ ಕರ್ಕೊಂಡ್ ಬಂದು ನಿನ್ನ ಬಾಗ್ಲಲ್ಲಿ ಇಳಿಸ್ತೀನಿ. ಇಲ್ದಿದ್ರೆ ಕಾರು ನಿಂದು. ಕೋಳಿನಾದ್ರೂ ಸಾಕ್ಕೋ, ಕತ್ತೆನಾದ್ರೂ ಸಾಕ್ಕೋ."

"ಅತ್ತೆ ಮುಂದೆ ಹೇಳಿದೀರ. ಮಾತಂದ್ರೆ ಮಾತು."

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಕೊಂಡಮ್ಮನವರು ತಲೆಯಾಡಿಸಿ ಸಾಕ್ಷಿ ಹೇಳಿದರು. ಅಶ್ವತ್ಥಮ್ಮ ಒಳಗಿನಿಂದಲೇ ಅಂದಳು: "ಅಂತೂ ಕೋಳಿಗೊಂದು ಮನೆ ಆಯ್ತು."

ಗೃಹಪ್ರವೇಶದ ಹಿಂದಿನ ದಿನ ಶಸ್ತ್ರಸಜ್ಜಿತನಾಗಿ ಬಾನೆಟ್ ಎತ್ತಿದೆ. ರೋಗ ಕೂಡಲೇ ಕಣ್ಣಿಗೆ ಬಿತ್ತು. ಇಲಿಗಳು ವೈರುಗಳ ಮೇಲ್ಹೊದಿಕೆಯನ್ನೆಲ್ಲ ತಿಂದು, ತಂತಿ ಬರೀ ಮೈಯಲ್ಲಿ ಕಬ್ಬಿಣಕ್ಕೆ ತಾಗುತ್ತಿತ್ತು. ಹಳೆಯ ವೈರು ಕಿತ್ತೆಸೆದು ಹೊಸದು ಎಳೆದೆ. ನೋಡುತ್ತ ನಿಂತ ಹೆಂಡತಿಗೆ ಉಚಿತವಾಗಿ ಪಾಠವನ್ನೂ ಹೇಳಿದೆ.

"ನೋಡು, ಬ್ಯಾಟರಿಯಿಂದ ಕರೆಂಟು ಈ ಕಾಯಿಲ್‌ಗೆ ಬರುತ್ತೆ. ಕಾಯಿಲ್‌ನಿಂದ ಈ ಕರೀ ಟೋಪಿಗೆ. ಇದಕ್ಕೆ ಡಿಸ್ಟ್ರಿಬ್ಯೂಟರ್ ಅಂತಾರೆ. ಇದು ನಾಲ್ಕೂ ಪ್ಲಗ್ಗಿಗೆ ಸರದಿ ಪ್ರಕಾರ ಕಿಡಿ ಹಂಚುತ್ತೆ."

"ಪಂಕ್ತೀಲಿ ತುಪ್ಪ ಬಡಿಸ್ದಂಗೆ."

"ವಿಜ್ಞಾನಾನ ಅಡಿಗೆಮನೆಗೆ ಇಳಿಸಬೇಡ ಕಣೇ. ಈ ಟೋಪಿ ಒಳಗೆ ಒಂದು ಚೂರು ಒದ್ದೆ ಇದ್ರೂ ಕಿಡಿ ಪ್ಲಗ್ಗಿಗೆ ಹೋಗಲ್ಲ, ಅಲ್ಲೇ ಹರಿದು ಹಾಳಾಗುತ್ತೆ. ಅದಕ್ಕೇ ಹೇಳೋದು, ನಿನ್ನ ಕುಂಕುಮದ ಬಟ್ಲು ಇದರ ಹತ್ರ ಸುಳೀಬಾರದು."

"ಒಳಗ್ಯಾಕೆ ಹಚ್ಚಲಿ? ಮೇಲೆ ಒಂದು ಬೊಟ್ಟು ಇಡ್ತೀನಿ. ಒಳ್ಳೇ ಕೆಲಸಕ್ಕೆ ಹೊರಟಿದೀವಿ."

"ನಿನ್ನ ಬೊಟ್ಟಿಗೆ ಎಂಜಿನ್ ತಿರುಗುತ್ತಾ? ಮೂಢನಂಬಿಕೆಗೂ ಒಂದು ಮಿತಿ ಬೇಡ್ವಾ?"

ಟೋಪಿಯನ್ನು ಒಣಬಟ್ಟೆಯಿಂದ ಒರೆಸಿ ಮುಚ್ಚಿ, ಹ್ಯಾಂಡಲ್ ಹಾಕಿ ತಿರುವಿದೆ. ಮೊದಲ ತಿರುವಿಗೇ ಎಂಜಿನ್ ಗುಡುಗಿತು. ಬೀದಿಯ ನಾಯಿಗಳು ಬಾಲ ಮುದುರಿದವು. ಪೇಟೆಯ ಒಂದು ಸುತ್ತು ಹಾಕಿ ಬಂದೆ. ಗಂಗುಲಪ್ಪನ ಕೋಳಿಗಳಿಗೆ ಮನಸ್ಸಿನಲ್ಲೇ ಸಂತಾಪ ಸೂಚಿಸಿದೆ. ಆ ಸಂತೋಷದಲ್ಲಿ ಉದಾರಿಯಾಗಿ, ಬಾನೆಟ್ಟಿನ ಮೇಲೆ ಒಂದೇ ಒಂದು ಬೊಟ್ಟಿಡಲು ಅಶ್ವತ್ಥಮ್ಮನಿಗೆ ಅಪ್ಪಣೆ ಕೊಟ್ಟೆ. ಅಜ್ಞಾನಿಗಳ ಮೇಲೆ ದಯೆಯೂ ಇರಬೇಕಲ್ಲ.

ಮರುದಿನ ಎಲ್ಲರಿಗಿಂತ ಮೊದಲೇ ಎದ್ದು, ಸ್ನಾನ ಮಾಡಿ, ಒಬ್ಬನೇ ಹೋಗಿ ಕಾರಿನ ಎಲ್ಲವನ್ನೂ ಕಡೆಯ ಸಲ ನೋಡಿ ಬಂದೆ. ದೊಡ್ಡ ಕೆಲಸಕ್ಕೆ ಮುಂಚೆ ಬುದ್ಧಿವಂತರು ಹಾಗೆ ನೋಡಿಕೊಳ್ಳುವುದುಂಟು.

ಅತ್ತೆ ದೊಡ್ಡಂಚಿನ ರೇಷ್ಮೆಸೀರೆ ಉಟ್ಟು, ಎಲೆ ಅಡಿಕೆ ಚೀಲದೊಂದಿಗೆ ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತರು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಶಲ್ಯ ಸರಿಪಡಿಸಿಕೊಂಡು ಹ್ಯಾಂಡಲ್ ತಿರುವಿದೆ.

ಸದ್ದಿಲ್ಲ. ಮತ್ತೆ ತಿರುವಿದೆ. ಕಾರು ಮೈ ಅಲ್ಲಾಡಿಸಿತು, ಅಷ್ಟೆ. ಶಲ್ಯ ತೆಗೆದು ತಿರುವಿದೆ. ಅಂಗಿ ಬಿಚ್ಚಿ ತಿರುವಿದೆ. ಹ್ಯಾಂಡಲ್ ಹಿಂದಕ್ಕೆ ಒದ್ದು ಮೊಣಕೈ ಊದಿತು.

"ಏಮಪ್ಪಾ ಅಲ್ಲುಡಾ," ಅತ್ತೆ ಅಳಿಯನಾದ ನನ್ನನ್ನು ತೆಲುಗಿನಲ್ಲಿ ಕರೆದು ಒಳಗಿನಿಂದ ಕೇಳಿದರು, "ಆವಾಗ್ನಿಂದ ತೊಟ್ಲು ತೂಗ್ತಾ ಇದೀಯ. ನಂಗೆ ನಿದ್ದೆ ಬರ್ತಾ ಐತೆ. ಹೋಗೋದು ಯಾವಾಗ?"

ಬಾನೆಟ್ ಎತ್ತಿ ವೈರುಗಳನ್ನು ನೋಡಿದೆ. ಎಲ್ಲವೂ ನೆಟ್ಟಗಿದ್ದವು. ಟೋಪಿಯನ್ನು ಬಿಚ್ಚಲಿಲ್ಲ. ಅಷ್ಟು ಜನರ ಮುಂದೆ ಅದನ್ನು ಬಿಚ್ಚುವುದು ನನಗೆ ಸರಿಕಾಣಲಿಲ್ಲ. ಇನ್ನು ಉಳಿದವಳು ಹೆಂಡತಿ.

"ಎಲ್ಲಾ ನಿನ್ನ ಕುಂಕುಮದ್ದೇ ಕೆಲಸ! ಬಾನೆಟ್ ಸಂದಿಯಿಂದ ಒಳಗೆ ಉದುರಿದೆ. ಒರೆಸು ಅದನ್ನ."

ಅಶ್ವತ್ಥಮ್ಮ ಸೆರಗಿನಿಂದ ಒರೆಸಿದಳು. ಅತ್ತೆ ಅದನ್ನು ನೋಡಿ ದಡಕ್ಕನೆ ಇಳಿದರು. "ಶುಭದಿನ ಹೆಂಗಸ್ರ ಕೈಲಿ ಕುಂಕುಮ ಒರೆಸ್ತಾರೇನಯ್ಯಾ? ನಡೀ ಅಮ್ಮಯ್ಯಾ, ಬಸ್ಸೇ ವಾಸಿ."

ನಾವು ಸಿಡ್ಲಘಟ್ಟ ಸೇರುವಷ್ಟರಲ್ಲಿ ಹೊಸ ಒಲೆಯ ಹಾಲು ಉಕ್ಕಿ ಆಗಿತ್ತು. ಗಂಗುಲಪ್ಪ ನನ್ನನ್ನು ಹಂಗಿಸಲಿಲ್ಲ. ಎಲೆಯ ಮುಂದೆ ಕೂರಿಸಿ, ಪಾಯಸ ಹಾಕಿಸಿ, "ನಿಧಾನಕ್ಕೆ ಊಟ ಮಾಡಿ ಅಣ್ಣಯ್ಯಾ. ಕೋಳಿಮರಿಗಳಿಗೆ ಹೇಳಿ ಕಳಿಸಿದೀನಿ" ಎಂದ.

ಎರಡು ದಿನ ಬಿಟ್ಟು ಅವನ ಎತ್ತುಗಳು ಬಂದು ನನ್ನ ಕಾರನ್ನು ಎಳೆದುಕೊಂಡು ಹೋದವು. ಪೇಟೆಯಲ್ಲಿ ಯಾರೋ "ಯಾವ ವೆಂಕಟರಾಮಪ್ಪ?" ಎಂದು ಕೇಳಿದರೆ, "ಅದೇ, ಕೋಳಿಗೂಡಿನ ವೆಂಕಟರಾಮಪ್ಪ" ಎನ್ನುವುದು ನನ್ನ ಕಿವಿಗೇ ಬಿತ್ತು. ಹೊಟ್ಟೆ ಉರಿದುಹೋಯಿತು. ಮನೆಗೆ ಬಂದು ಆ ಉರಿಯನ್ನೆಲ್ಲ ಹೆಂಡತಿಯ ಕುಂಕುಮದ ಬಟ್ಟಲಿನ ಮೇಲೆ ಕಾರಿದೆ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

ಅದರ ಮರುವಾರ ಮಧ್ಯಾಹ್ನ ಬೀದಿಯಲ್ಲಿ ಹಾರನ್ ಕೇಳಿಸಿತು. ಅದು ನನ್ನ ಹಾರನ್! ಓಡಿ ಬಂದು ನೋಡಿದರೆ ಗಂಗುಲಪ್ಪ ಸ್ಟೇರಿಂಗ್ ಹಿಡಿದು ಕೂತಿದ್ದಾನೆ. ಹಿಂದಿನ ಸೀಟಿನಲ್ಲಿ ಅತ್ತೆ ಎಲೆ ಅಡಿಕೆ ಜಗಿಯುತ್ತಿದ್ದಾರೆ.

"ತಗೊಳ್ಳಿ ಅಣ್ಣಯ್ಯಾ, ನಿಮ್ ಕಾರು ನೀವೇ ಇಟ್ಕೊಳ್ಳಿ. ಕೋಳಿ ಬಿಡೋಕೆ ಮುಂಚೆ ತೊಳೆಯೋಣ ಅಂತ ಒಂದೊಂದೇ ಬಿಚ್ತಾ ಇದ್ದೆ. ಈ ಕರೀ ಟೋಪಿ ತೆಗೆದ್ರೆ ಒಳಗೆ ಇಷ್ಟಗಲ ಕುಂಕುಮ, ನೀರಲ್ಲಿ ಕಲಸಿ ಹಚ್ಚಿದ್ದು. ಪಕ್ಕದಲ್ಲಿ ವಿಭೂತಿ ಬೇರೆ. ಪಂಚೆ ತುದೀಲಿ ಒರೆಸಿ ತಿರುವಿದೆ, ಹೊರಟೇ ಬಿಡ್ತು. ಯಾರೋ ಭಕ್ತಿಯಿಂದ ಪೂಜೆ ಮಾಡವ್ರೆ. ದೇವರಮನೇಲಿ ಕೋಳಿ ಸಾಕಿದ್ರೆ ನಂಗೆ ಒಳ್ಳೇದಾಗುತ್ತಾ?"

ನಾನು ಗಂಟಲು ಸರಿಮಾಡಿಕೊಂಡು, ಮೊರ ಹಿಡಿದೇ ಬಾಗಿಲಿಗೆ ಬಂದಿದ್ದ ಅಶ್ವತ್ಥಮ್ಮನ ಕಡೆ ತಿರುಗಿ, ಇದ್ದಬದ್ದ ಫಿಜಿಕ್ಸನ್ನೆಲ್ಲ ಒಟ್ಟು ಮಾಡಿ ಗದರಿಸಿದೆ. "ಟೋಪಿ ಒಳಗೆ ಒದ್ದೆ ಸೋಕಬಾರದು ಅಂತ ನಿನಗೆ ಬಿಡಿಸಿ ಬಿಡಿಸಿ ಹೇಳಿರಲಿಲ್ವಾ?"

ಅವಳು ಮೊರವನ್ನು ಕೆಳಗಿಟ್ಟಳು.

"ಹೇಳಿದ್ರಿ. ಆದ್ರೆ ಆ ಟೋಪಿ ಬಿಚ್ಚೋಕೆ ಈ ಮನೇಲಿ ಫಿಜಿಕ್ಸ್ ಓದಿದೋರಿಗೆ ಮಾತ್ರ ಬರೋದು."