ಕ್ಲೌಡಿಗೇರಿದ ಬಿಸ್ಕತ್ತು

"ನನ್ನ ಮಾಹಿತಿ ಕದಿಯೋ ಗಂಡು ಇನ್ನೂ ಹುಟ್ಟಿಲ್ಲ!" ಎಂದು ಮೇಷ್ಟ್ರು ಎದೆ ತಟ್ಟಿಕೊಂಡರು. ಕಾಲೇಜಿನ ಆನ್‌ಲೈನ್ ತರಗತಿಗಳಿಗೆಲ್ಲ ಬೇಲಿ ಹಾಕಿದವರು ಅವರೇ. ಅವರ ಪಾಸ್‌ವರ್ಡ್ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಕಳ್ಳನಿಗೇ ನಿವೃತ್ತಿ ವಯಸ್ಸು ಬರಬೇಕು!

"ಗಂಡು ಹುಟ್ಟಿಲ್ಲ, ಸರಿ. ಹೆಣ್ಣು?" ಎಂದರು ಹೆಂಡತಿ.

ಹೆಂಡತಿಗೆ ಕಣ್ಣು ಕಾಣಿಸದು. ಆದರೆ ಕಿವಿಯೋ, ಅಡುಗೆಮನೆಯಲ್ಲಿ ನಿಂತೇ ನಡುಮನೆಯಲ್ಲಿರುವ ಬಿಸ್ಕತ್ತು ಡಬ್ಬದ ಮುಚ್ಚಳದ ಸದ್ದು ಹಿಡಿಯುವಂಥದ್ದು! ಡಾಕ್ಟರು ಸಿಹಿ ಮುಟ್ಟಬೇಡಿ ಎಂದಂದಿನಿಂದ ಬಡಪಾಯಿ ಮೇಷ್ಟ್ರ ಬಾಳೇ ಸಪ್ಪೆ. "ರೀ, ಇನ್ನೊಂದ್ಸಲ ಸಿಕ್ಕಿಬಿದ್ರೆ ನಿಮ್ಮ ಬಾಯಿಗೆ ಏನು ಹೋಗ್ಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ," ಎಂದು ಹೆಂಡತಿ ಎಚ್ಚರಿಸಿದ್ದರು.

ಮೇಷ್ಟ್ರ ಅದೃಷ್ಟ ಖುಲಾಯಿಸಿದ್ದು ಹೆಂಡತಿ ಅದೇ ಕಾಲೇಜಿನಲ್ಲಿ ಪದವಿಗೆ ಸೇರಿದಾಗ. ಗಂಡ ಈ ಕೋಣೆಯಿಂದ ಪಾಠ ಮಾಡುವುದು, ಹೆಂಡತಿ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದು. ಎರಡೂ ಕಿವಿ ಬಂದ್! ಅಂದಿನ ಪಾಠ 'ಖಾಸಗಿತನದ ರಕ್ಷಣೆ'. ಮೇಷ್ಟ್ರು ಒಂದು ಪ್ರಶ್ನೆ ಎಸೆದು, "ಯೋಚಿಸಿ ಬರೆಯಿರಿ" ಎಂದು ಮೈಕ್ ಮುಚ್ಚಿದರು. ಪರದೆಯ ಮೇಲೆ ಗಲ್ಲಕ್ಕೆ ಕೈಯಿಟ್ಟು ಚಿಂತಿಸುವ ತಮ್ಮ ಫೋಟೋ ನಿಲ್ಲಿಸಿದರು. ಡಬ್ಬ ಬಚ್ಚಿಟ್ಟಿದ್ದ ಡ್ರಾಯರ್ ಮೆಲ್ಲಗೆ ಎಳೆದರು.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಕಾಲೇಜು ಹೊಸ ಸೌಲಭ್ಯ ಕೊಟ್ಟಿತ್ತು. ಕ್ಯಾಮರಾ ಕಂಡದ್ದನ್ನೆಲ್ಲ ಒಂದು ದನಿ ಅವರ ಕಿವಿಗೆ ಹೇಳುತ್ತಿತ್ತು. ಅದನ್ನು ಪರೀಕ್ಷಿಸಿ 'ಸುರಕ್ಷಿತ' ಎಂದು ಒಪ್ಪಿದವರೂ ಮೇಷ್ಟ್ರೇ. ಫೋಟೋ ಮರೆ ಮಾಡಿದ್ದು ಪರದೆ ನೋಡುವವರಿಗೆ ಮಾತ್ರ. ಕ್ಯಾಮರಾ ಅದರ ಹಿಂದೆ ಕಣ್ಣು ಬಿಟ್ಟುಕೊಂಡೇ ಇತ್ತು.

"ಅಧ್ಯಾಪಕರು ಎರಡು ಕ್ರೀಮ್ ಬಿಸ್ಕತ್ತು ಒಟ್ಟಿಗೆ ಬಾಯಿಗೆ ತುರುಕಿಕೊಂಡರು," ಎಂದಿತು ದನಿ. "ಬಾಗಿಲ ಕಡೆ ನೋಡುತ್ತಿದ್ದಾರೆ. ಮೀಸೆಗೆ ಕ್ರೀಮ್ ಮೆತ್ತಿದೆ."

ಹೆಂಡತಿ ತಮ್ಮ ಮೈಕ್ ತೆರೆದರು. "ಸರ್, ಒಂದು ಸಂದೇಹ. ನಿಮ್ಮ ಬಾಯಲ್ಲಿ ಏನಿದೆ?"

ಮೇಷ್ಟ್ರು ಗಡಬಡಿಸಿ ಮೈಕ್ ತೆರೆದರು. "ಅ... ಅದು ಖಾಸಗಿ ಮಾಹಿತಿ!"

"ಮೀಸೆ ಮೇಲಿರೋದು?"

ಬಿಸ್ಕತ್ತು ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ದನಿ ಹೇಳಿದ್ದನ್ನು ಹೆಂಡತಿ ಇಡೀ ತರಗತಿಗೆ ಸಾರಿದರು: "ಅಧ್ಯಾಪಕರು ಮೇಜಿನ ಕೆಳಗೆ ಅಡಗಿಕೊಂಡ್ರಂತೆ! ಡಬ್ಬಾನೂ ಜೊತೆಗೆ ಕರ್ಕೊಂಡು ಹೋದ್ರಂತೆ!"

ಸಂಜೆ ಪ್ರಾಂಶುಪಾಲರ ಫೋನು ಬಂತು.

"ಸಾರ್, ಕೈ ಮುಗೀತೀನಿ, ಇವತ್ತಿನ ಕ್ಲಾಸಿನ ರೆಕಾರ್ಡಿಂಗ್ ಅಳಿಸಿಬಿಡಿ!" ಎಂದು ಮೇಷ್ಟ್ರು ಗೋಗರೆದರು.

"ಅಳಿಸೋದಾ? ಕ್ಲೌಡಿಗೆ ಹೋಗಿದ್ದನ್ನ ಯಾರೂ ಅಳಿಸೋಕಾಗಬಾರದು ಅಂತ ಬೀಗ ಜಡಿದಿದ್ದು ನೀವೇ ಅಲ್ವೇನ್ರೀ? ಅದಿರ್ಲಿ, ಈಗ ಕಣ್ಣು ಕಾಣೋ ಹುಡುಗರೂ ನಿಮ್ಮ ಪಾಠಕ್ಕೆ ಆ ದನಿನೇ ಬೇಕು ಅಂತ ಹಟ ಹಿಡಿದಿದ್ದಾರೆ. ಕೊಟ್ಟುಬಿಟ್ಟೆ."

ಮುಂದಿನ ತರಗತಿಗೆ ಜನವೋ ಜನ! ಹೆಂಡತಿ ಮೇಷ್ಟ್ರ ಮುಂದೊಂದು ತಟ್ಟೆಯಿಟ್ಟು ತಮ್ಮ ಕೋಣೆಗೆ ಹೋದರು. ಎಲ್ಲರೂ ಕಿವಿ ನಿಮಿರಿಸಿ ಕೂತರು.

"ಅಧ್ಯಾಪಕರು ಹಸಿ ಸೌತೆಕಾಯಿ ತಿನ್ನುತ್ತಿದ್ದಾರೆ," ಎಂದಿತು ದನಿ. "ಮುಖದಲ್ಲಿ ಸಂತೋಷ ಕಾಣುತ್ತಿಲ್ಲ."