ನಮ್ಮ ಕೆರೆಯ ಪೆಂಗ್ವಿನ್

ಬರೆದದ್ದನ್ನು ನಂಬಿಬಿಡುವುದು ನನ್ನ ದೊಡ್ಡ ದೌರ್ಬಲ್ಯ. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಪ್ಪತ್ತೆರಡು ವರ್ಷ ರಿಜಿಸ್ಟರು ಬರೆದದ್ದರ ಫಲ ಇದು. ಅಲ್ಲಿ ತಪ್ಪಾದರೆ ಮೇಲೆ ತಿದ್ದುವಂತಿಲ್ಲ, ವೈಟ್ನರ್ ಮುಟ್ಟುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಈ ಅಭ್ಯಾಸ ಎಷ್ಟು ಮೈಗೆ ಹತ್ತಿದೆಯೆಂದರೆ, ದಿನಸಿ ಚೀಟಿಯಲ್ಲಿ ತೊಗರಿಬೇಳೆ ಹೊಡೆದು ಹೆಸರುಬೇಳೆ ಮಾಡಿದಾಗಲೂ ಸಹಿ ಹಾಕಿದ್ದೇನೆ. ಅಂಗಡಿಯವರು ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು.

ಇಂಥ ನಾನು, ಮನೆಗೆ ಇಂಟರ್ನೆಟ್ ಬಂದ ವರ್ಷ, ಯಾರು ಬೇಕಾದರೂ ಬರೆಯಬಹುದಾದ ಆ ವಿಶ್ವಕೋಶಕ್ಕೆ ಕೈಹಾಕಿದೆ. ನಮ್ಮ ಬಡಾವಣೆಯ ಕೆರೆಯ ಬಗ್ಗೆ ಅಲ್ಲಿ ಎರಡೇ ಸಾಲಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಕೆರೆ ಸುತ್ತಿ, ಕಂಡ ಹಕ್ಕಿಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುವ ರೂಢಿ ನನ್ನದು. ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ, ನಾಮದ ಕೋಳಿ ಎಂದು ಮೂವತ್ತು ಹೆಸರಿನ ಪಟ್ಟಿ ಸೇರಿಸಿದೆ. ತಿಂಗಳಾದ ಮೇಲೆ ನೋಡಿದರೆ ಮಿಂಚುಳ್ಳಿಯ ಕೆಳಗೆ ಪೆಂಗ್ವಿನ್ ನಿಂತಿದೆ! ‘ನಾಚಿಕೆ ಸ್ವಭಾವದ್ದು, ಕಡಲೆಪುರಿ ತಿನ್ನುತ್ತದೆ’ ಎಂಬ ವಿವರಣೆ ಬೇರೆ.

ನನಗೆ ಮೈ ಉರಿದುಹೋಯಿತು. ತಪ್ಪು ತಿಳಿದು ಬರೆದವರನ್ನು ಕ್ಷಮಿಸಬಹುದು. ಸುಳ್ಳೆಂದು ಗೊತ್ತಿದ್ದೂ ಕೂತು ಬರೆಯುವವರಿಗೆ ಏನನ್ನಬೇಕು? ಒಬ್ಬಳು ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಸೊಳ್ಳೆ ಕಚ್ಚಿಸಿಕೊಂಡು ಕೂಡಿಸಿದ್ದನ್ನು ಇನ್ನೊಬ್ಬರು ಅರ್ಧ ನಿಮಿಷದಲ್ಲಿ ಕೆಡಿಸುವುದಾದರೆ ಅದಕ್ಕೂ ಬಸ್ ನಿಲ್ದಾಣದ ಗೋಡೆಗೂ ಏನು ವ್ಯತ್ಯಾಸ? ಅಳಿಸಿದೆ. ಮೂರನೇ ದಿನ ಮತ್ತೆ ಬಂದಿತ್ತು. ಹೀಗೆ ನಾಲ್ಕು ಸಲ. ಅಳಿಸಿದ್ದಕ್ಕೆಲ್ಲ ಡೈರಿಯಲ್ಲಿ ತಾರೀಖು ಹಾಕಿಟ್ಟೆ. ಊಟದ ಹೊತ್ತಿನಲ್ಲಿ ಯಜಮಾನರ ಮುಂದೆ ದೇಶದ ನೀತಿ ಎಲ್ಲಿಗೆ ಬಂತೆಂದು ಭಾಷಣ ಮಾಡಿದೆ. ಅವರು ಸಾರು ಬಡಿಸಿಕೊಂಡು ತಲೆಯಾಡಿಸಿದರು.

ಅಷ್ಟರಲ್ಲಿ ಬಡಾವಣೆ ಸಂಘದ ಅಧ್ಯಕ್ಷ ನಾರಾಯಣಪ್ಪನವರ ಫೋನು. ಕೆರೆಯ ದಂಡೆಗೆ ಹಕ್ಕಿಗಳ ಬೋರ್ಡು ಮಾಡಿಸುತ್ತಿದ್ದಾರಂತೆ, ಭಾನುವಾರ ಉದ್ಘಾಟನೆಯಂತೆ, ಪಟ್ಟಿಯನ್ನು ಆ ವಿಶ್ವಕೋಶದಿಂದಲೇ ಪ್ರಿಂಟ್ ತೆಗೆದು ಕೊಟ್ಟಿದ್ದಾರಂತೆ, ಕೆಳಗೆ ‘ಮಾಹಿತಿ’ ಎಂದು ನನ್ನ ಹೆಸರಂತೆ. ಚಪ್ಪಲಿ ಮೆಟ್ಟಿಕೊಂಡು ಸಂಘದ ಆಫೀಸಿಗೆ ಓಡಿದೆ. ಪೇಂಟರು ಒಂದೊಂದು ಹೆಸರಿನ ಪಕ್ಕ ಚಿತ್ರವನ್ನೂ ಬರೆದಿದ್ದ. ಎಲ್ಲಕ್ಕಿಂತ ಮುದ್ದಾಗಿ ಬಂದಿದ್ದದ್ದು ಪೆಂಗ್ವಿನ್ನು.

“ಇದೇನಪ್ಪಾ ಇದು?”

“ಕೊಟ್ಟಿದ್ದು ಬರ್ದಿದೀನಿ ಮೇಡಂ. ಎರಡೇ ಬಣ್ಣದಲ್ಲಿ ಮುಗೀತು, ಇಂಥವೇ ಇನ್ನೂ ನಾಲ್ಕಿದ್ರೆ ಚೆನ್ನಾಗಿತ್ತು.”

ಅಳಿಸುವುದು ಹೇಗೂ ಇದ್ದೇ ಇದೆ. ಕಳ್ಳ ಯಾರೆಂದು ತಿಳಿಯದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಮನೆಗೆ ಬಂದು ಆ ಪುಟದಲ್ಲಿ ಯಾರು ಯಾವಾಗ ತಿದ್ದಿದರೆಂಬ ಚರಿತ್ರೆಯನ್ನು ತೆರೆದೆ. ಪೆಂಗ್ವಿನ್ ಸೇರಿಸಿದ ಕಡೆಯೆಲ್ಲ ಹೆಸರಿನ ಬದಲು ಉದ್ದದ ಒಂದು ಸಂಖ್ಯೆ, ತಿದ್ದಿದವರ ಇಂಟರ್ನೆಟ್ ಸಂಪರ್ಕದ ನಂಬರು. ಆ ಸಂಖ್ಯೆ ಇನ್ನೊಂದು ಕಡೆಯೂ ಇತ್ತು. ಅವತ್ತೇ ಬೆಳಿಗ್ಗೆ ನಾನು ನನ್ನ ಹೆಸರಿನಲ್ಲಿ ಒಳಗೆ ಹೋಗುವುದನ್ನು ಮರೆತು, ಹಾಗೆಯೇ ಒಂದು ಕೊಂಬು ಸರಿಮಾಡಿದ್ದೆನಲ್ಲ, ಅಲ್ಲಿ. ಅಂದರೆ ಪೆಂಗ್ವಿನ್ ಹೊರಟದ್ದು ನಮ್ಮ ಮನೆಯಿಂದಲೇ. ಮನೆಯಲ್ಲಿರುವುದು ಇಬ್ಬರು.

“ರೀ,” ಎಂದೆ.

ಅವರು ಪೇಪರು ಮಡಿಸಿಟ್ಟರು. “ನೀನು ಬರ್ದಿದ್ದನ್ನ ಯಾರಾದ್ರೂ ಓದ್ತಾರಾ ಅಂತ ನೋಡ್ದೆ ಕಣೇ. ಓದ್ತಾರೆ, ಬಿಡು.”

ನಂಬಿಕೆ, ಜವಾಬ್ದಾರಿ, ನಾಳೆ ಜನ ನನ್ನ ಮುಖಕ್ಕೆ ಏನೆನ್ನುತ್ತಾರೆ, ಎಲ್ಲವನ್ನೂ ಹೇಳಿದೆ. ಅರ್ಧ ಗಂಟೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ನನ್ನ ಡೈರಿಯನ್ನು ಎಳೆದುಕೊಂಡು ಪುಟ ತಿರುವಿ ಕೇಳಿದರು: “ತಪ್ಪಾಯ್ತು. ಅಲ್ಲಾ, ಈ ಡೈರೀಲಿ ಇಪ್ಪತ್ತೊಂಬತ್ತೇ ಇದೆ. ಪಟ್ಟೀಲಿರೋ ರಾಜಹಂಸ ಯಾವತ್ತು ಬಂದಿತ್ತು?”

ಇಪ್ಪತ್ತೊಂಬತ್ತು ಎಂದರೆ ನೋಡುವುದಕ್ಕೆ ಒಂಥರಾ ಕೊರತೆಯಂತೆ ಕಾಣುತ್ತದಲ್ಲವೇ? ಕೆರೆ ನಮ್ಮದು, ನೀರಿದೆ, ಇವತ್ತಲ್ಲ ನಾಳೆ ಒಂದು ಬಂದರೂ ಬಂದೀತು. ನಾನು ಎದ್ದು ಪೇಂಟರಿಗೆ ಫೋನು ಮಾಡಿ, ಪೆಂಗ್ವಿನ್ ಒಂದನ್ನು ಬಳಿದುಹಾಕು ಎಂದೆ. ಇನ್ನೊಂದರ ಮಾತೆತ್ತಲಿಲ್ಲ.

ಬೋರ್ಡು ನಿಂತು ಎರಡು ವಾರವಾಗಿತ್ತು. ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬರು, ವೈಟ್‌ಫೀಲ್ಡಿನಿಂದ ಬಂದವರು, ಬೋರ್ಡಿನ ಕೆಳಗಿನ ಹೆಸರು ನನ್ನದೇ ಎಂದು ಯಾರಿಂದಲೋ ತಿಳಿದು, ಬಹಳ ಗೌರವದಿಂದ ನನ್ನನ್ನೇ ಕೇಳಿದರು, ರಾಜಹಂಸ ಯಾವ ಕಡೆ ಸಿಗತ್ತೆ ಮೇಡಂ ಎಂದು.

“ಸ್ವಲ್ಪ ಲೇಟಾಗಿ ಬಂದ್ರಿ ಸಾರ್,” ಎಂದೆ.