ಕೌದಿ ಹೊದ್ದ ಕಂಪ್ಯೂಟರು

ನನ್ನ ಸೋದರಮಾವನಿಂದಾಗಿ ನಾನು ತಲೆ ತಗ್ಗಿಸಿದ್ದನ್ನೆಲ್ಲ ಒಟ್ಟು ಹಾಕಿದರೆ ನನ್ನ ಕುತ್ತಿಗೆ ಈ ಹೊತ್ತಿಗೆ ಬಾಗಿಯೇ ಇರಬೇಕಿತ್ತು. ಕಂಪ್ಯೂಟರಿಗೆ ಕೌದಿ ಹೊದಿಸಿ ಮಲಗಿಸಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೆ! ನಾನು ಅವರ ಮನೆಯಲ್ಲೇ ಇದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಜೇವರ್ಗಿಯಲ್ಲಿ ಮಾವನ ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ ಇಟ್ಟಿದ್ದೆ. ಗುಲಬರ್ಗಾದಲ್ಲಿ ಮದುವೆಯ ವಿಡಿಯೊ ಮಿಕ್ಸಿಂಗ್ ಮಾಡುವವರೊಬ್ಬರು ಮಾರಿದ ಹಳೆಯ ಕಂಪ್ಯೂಟರು ಅದು. ಟ್ರಂಕಿನ ತಮ್ಮನಂಥ ಪುಟ್ಟ ಡಬ್ಬಿ. ಅದರೊಳಗೆ ಚಿತ್ರಗಳನ್ನು ಪರದೆಗೆ ತರುವ ದೊಡ್ಡ ಗ್ರಾಫಿಕ್ಸ್ ಕಾರ್ಡು, ಕಾರ್ಡಿನ ಬೆನ್ನಿಗೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಫ್ಯಾನು. ಒಳಗೆ ಗಾಳಿ ಆಡಲು ಜಾಗವಿಲ್ಲ. ಹೊರಗೆ ನಮ್ಮೂರಿನ ಬಿಸಿಲು. ಕಾರ್ಡು ಕಾದಷ್ಟೂ ಫ್ಯಾನು ಕಿರುಗುಡುತ್ತಿತ್ತು. ಲಗ್ನದ ಹಂಗಾಮು ಬೇರೆ. ಆಳಂದ, ಅಫಜಲಪುರದ ಕಡೆಯಿಂದಲೂ ಗಿರಾಕಿಗಳು ಬರತೊಡಗಿದ್ದರು. ಈ ಹಂಗಾಮಿನಲ್ಲಿ ಹೆಸರು ಉಳಿಸಿಕೊಂಡರೆ ಅಂಗಡಿ, ಇಲ್ಲವಾದರೆ ಬಾಗಿಲಿಗೆ ಬೀಗ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾವ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅವರ ಕಾಲದ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಮೊಣಕಾಲಿನ ಪಕ್ಕದಲ್ಲೇ ಕೂತು ಗುಡುಗುತ್ತಿತ್ತು. ಹಾಗಾಗಿ ಲೋಕದ ಯಂತ್ರಗಳೆಲ್ಲ ಅವರಿಗೆ ಬಸ್ಸೇ. ಒಳಕೋಣೆಯಲ್ಲಿ ಅತ್ತೆ ಲಕ್ವಾ ಹೊಡೆದು ಮಂಚ ಹಿಡಿದಿದ್ದರು. ಎಡಗೈ ಏಳುತ್ತಿರಲಿಲ್ಲ, ದನಿ ಪೂರ್ತಿ ಸೋತಿತ್ತು. ಅವರ ಸೇವೆಯೆಲ್ಲ ಮಾವನದೇ. ಎರಡು ಕೋಣೆಗಳ ನಡುವಿನ ಹೊಸ್ತಿಲೇ ಅವರ ಖಾಯಂ ಸೀಟು. ಅಲ್ಲಿ ಕೂತು ನನ್ನ ಕಂಪ್ಯೂಟರನ್ನು ದುರುಗುಟ್ಟಿ ನೋಡುವರು, ‘ಇದರ ಸಪ್ಪಳ ಭಾಳ ಆತು’ ಎಂದು ಗೊಣಗುವರು.

ಒಂದು ಮಧ್ಯಾಹ್ನ ಚಹಾ ಕುಡಿದು ಬರುತ್ತೇನೆ, ನರೋಣಾದ ಗೌಡರು ಮಗಳ ಲಗ್ನಪತ್ರಿಕೆ ನೋಡಲು ಬಂದು ಕೂತಿದ್ದಾರೆ. ಅವರೆದುರು ನನ್ನ ಕಂಪ್ಯೂಟರು ಅತ್ತೆಯ ಹಳೆಯ ಕೌದಿ ಹೊದ್ದು ಬೆಚ್ಚಗೆ ಮಲಗಿದೆ! ಗೌಡರು ಮೆಲ್ಲಗೆ, ‘ಜ್ವರ ಬಂದಾವೇನ್ರಿ ಇದಕ್ಕ?’ ಎಂದು ಕೇಳಿದರು. ನಾನು ನಾಚಿಕೆಯಿಂದ ಕೌದಿ ಎಳೆದು ಹಾಕುವಷ್ಟರಲ್ಲಿ ಕಾರ್ಡು ಕಾದ ಹೆಂಚಾಗಿತ್ತು. ಪರದೆಯ ತುಂಬ ಹಸಿರು ಗೆರೆ. ವರನ ಫೋಟೊ ನಡುವೆ ಹರಿದು, ಅವನ ಮೀಸೆ ಹೋಗಿ ವಧುವಿನ ಮುಖದ ಮೇಲೆ ಕೂತಿತ್ತು. ಗೌಡರು ಬಹಳ ಹೊತ್ತು ನೋಡಿದರು.

‘ನಮ್ಮ ಹುಡುಗಿಗಿ ಮೀಸಿ ಇಲ್ರಿ,’ ಎಂದರು.

ನಾಡಿದ್ದು ಬನ್ನಿ, ಸರಿಮಾಡಿಟ್ಟಿರುತ್ತೇನೆ ಎಂದು ಅವರನ್ನು ಸಾಗಹಾಕಿದೆ. ಯಂತ್ರಕ್ಕೆ ಗಾಳಿ ಬೇಕು, ತಂಪು ಬೇಕು ಎಂದು ಮಾವನಿಗೆ ಬಿಡಿಸಿ ಹೇಳಿದೆ. ಅದೇ ನಾನು ಮಾಡಿದ ತಪ್ಪು! ಮರುದಿನ ಬೆಳಿಗ್ಗೆ ನೋಡಿದರೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆ ಇಡುತ್ತಾರಲ್ಲ, ಹಾಗೆ ಹಸಿ ಮರಳು ಹರಡಿ, ಅದರ ಮೇಲೆ ಡಬ್ಬಿಯನ್ನು ಕೂರಿಸಿ, ಸುತ್ತ ಒದ್ದೆ ಬಟ್ಟೆ ಸುತ್ತಿದ್ದಾರೆ. ಬಾನೆಟ್ಟು ತೆಗೆದಂತೆ ಮುಚ್ಚಳವನ್ನೂ ಬಿಚ್ಚಿದ್ದಾರೆ. ಕೈಯಲ್ಲಿ ಚೊಂಬು! ‘ಇದಕ್ಕ ನೀರು ಎಲ್ಲಿ ಹಾಕೂದು ಅಳಿಯಾ?’ ಎಂದು ಕೇಳಿದರು. ನಾನು ಹಾರಿ ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಪತ್ರಿಕೆ ಮಾಡಿಸಲು ಖಜೂರಿಯಿಂದ ಬೇರೊಂದು ಬೀಗರ ತಂಡ ಒಳಗೆ ಬಂತು. ಅವರ ಕಣ್ಣಿಗೆ ಬಿದ್ದದ್ದು ಮರಳು, ಒದ್ದೆ ಬಟ್ಟೆ, ಚೊಂಬು ಹಿಡಿದು ನಿಂತ ಮಾವ. ಬಂದವರಲ್ಲೊಬ್ಬರು ಇದು ಅರವಟ್ಟಿಗೆಯೆಂದೇ ತಿಳಿದು ಕೈ ಮುಗಿದು, ನೀರು ಕುಡಿಯಲು ಬೊಗಸೆ ಒಡ್ಡಿಯೇ ಬಿಟ್ಟರು! ನನಗೆ ಆ ಮರಳಿನಲ್ಲೇ ಹೂತುಹೋಗಬೇಕು ಎನಿಸಿತು.

ಅಂದೇ ಸಂಜೆ ಮಾವ ಅತ್ತೆಯ ಹೊಲಿಗೆ ಮಷಿನ್ನಿನ ಎಣ್ಣೆ ತಂದು ಫ್ಯಾನಿನ ನಡುವಿಗೆ ಒಂದು ತೊಟ್ಟು ಬಿಟ್ಟರು. ಎದುರಿನ ದಾಲ್ ಮಿಲ್ಲಿನಿಂದ ಹಾರಿ ಬಂದು ಕಾರ್ಡಿನ ಮೇಲೆ ಕೂತಿದ್ದ ತೊಗರಿ ಧೂಳನ್ನೆಲ್ಲ ಬ್ರಷ್ಷಿನಿಂದ ಗುಡಿಸಿದರು. ಅದು ನನ್ನ ದಾಡಿಯ ಬ್ರಷ್ಷು ಎಂಬುದು ಮರುದಿನ ಗಲ್ಲಕ್ಕೆ ಸೋಪು ಹಚ್ಚುವಾಗ ತಿಳಿಯಿತು. ಇರಲಿ. ಕಾವು ಇಳಿಯಿತು, ಕಿರುಗುಟ್ಟುವುದು ನಿಂತು ಸಣ್ಣ ಗುಂಯ್ ಮಾತ್ರ ಉಳಿಯಿತು. ಮಾವನಿಗೆ ಅದೂ ಸಮಾಧಾನವಿಲ್ಲ. ಕಿವಿಗೆ ಕೈ ಆನಿಸಿಕೊಂಡು ಹೊಸ್ತಿಲ ಮೇಲೆ ಕೂತೇ ಇದ್ದರು. ನನಗೆ ರೇಗಿತು.

‘ಸಾಕಲ್ಲೇನ್ರಿ ಮಾವಾ? ಇಷ್ಟು ಸಪ್ಪಳ ಯಾರಿಗಿ ತ್ರಾಸ ಕೊಡ್ತದ?’

ಮಾವ ಒಳಕೋಣೆಯ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. ಅವರು ನಾಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ.

‘ಬಸ್ಸಿನ ಎಂಜಿನ್ ನನ್ನ ಕಿವಿ ತಿಂದದ ಅಳಿಯಾ. ಯಾರಿಗೂ ಹೇಳಿಲ್ಲ. ಮೊನ್ನಿ ನಿನ್ನ ಅತ್ತಿ ನೀರು ಕೇಳ್ಯಾಳ. ನಾ ಇಲ್ಲೇ ಕುಂತೇನಿ, ಕೇಳಿಸಿಲ್ಲ. ಒಳಗ ಹೋಗಿ ನೋಡ್ತೇನಿ, ಕಣ್ಣಾಗ ನೀರು ತಂದ್ಕೊಂಡಾಳ.’ ಹೊರಗೆ ರಸ್ತೆಯ ತಿರುವಿನ ಕಡೆ ಕೈ ಮಾಡಿದರು. ‘ನನ್ನ ಗಾಡಿ ಆ ತಿರುವಿನ್ಯಾಗ ಹಾರ್ನ್ ಹೊಡದ್ರ ಸಾಕು, ಅಕಿ ಹಂಚಿನ ಮ್ಯಾಲ ರೊಟ್ಟಿ ಹಾಕ್ತಿದ್ಳು. ಎಷ್ಟು ಬಸ್ಸು ಹೋಗ್ತಿದ್ವು, ನನ್ನ ಹಾರ್ನ್ ಅಕಿಗಿ ತಪ್ಪಲಿಲ್ಲ. ಈಗ ಅಕಿ ಕರೀತಾಳ, ನನಗ ಕೇಳಸವಲ್ದು.’

ಮನೆಯಲ್ಲಿ ಆ ಗುಂಯ್ ಎಂಬ ಸದ್ದು ಎಷ್ಟು ದೊಡ್ಡದು ಎಂಬುದು ನನಗೆ ಆಗ ಕೇಳಿಸಿತು.

ಮರುದಿನ ನರೋಣಾದ ಗೌಡರು ಬಂದರು, ಈ ಸಲ ಬೀಗರನ್ನೂ ಕರೆದುಕೊಂಡು. ಕಾರ್ಡು ತಣ್ಣಗಿತ್ತು, ಮೀಸೆ ವರನ ಮುಖದಲ್ಲೇ ಇತ್ತು. ಗೌಡರು ಹೇಳುತ್ತ ಹೋದ ಬಂಧುಗಳ ಹೆಸರನ್ನೆಲ್ಲ ಟೈಪು ಮಾಡುತ್ತಿದ್ದೆ. ಒಳಗೆ ಮಂಚ ಸಣ್ಣಗೆ ಕಿರುಗುಟ್ಟಿತು. ಮಾವ ಹೊಸ್ತಿಲ ಮೇಲೆ ಅಲುಗಾಡದೆ ಕೂತಿದ್ದರು. ನಾನು ಕೈ ಚಾಚಿ ಸ್ವಿಚ್ಚು ಆರಿಸಿಬಿಟ್ಟೆ. ಗುಂಯ್ ನಿಂತಿತು, ಪರದೆ ಕಪ್ಪಾಯಿತು, ಗೌಡರ ಬಳಗವೆಲ್ಲ ಅಳಿಸಿಹೋಯಿತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಜರಾ ತಡೀರಿ ಗೌಡ್ರ,’ ಎಂದೆ. ‘ಒಳಗ ನಮ್ಮ ಅತ್ತಿ ಕರಿಯಾಕತ್ತಾಳ.’

ಎಲ್ಲರೂ ಸುಮ್ಮನಾದರು. ಒಳಬಾಗಿಲ ಪರದೆಯ ಆಚೆಯಿಂದ ದಾರದ ಎಳೆಯಷ್ಟು ತೆಳ್ಳಗಿನ ದನಿಯೊಂದು, ‘ಏನ್ರೀ…’ ಎಂದಿತು.

‘ಬಂದೆ,’ ಎಂದು ಮಾವ ಎದ್ದು ಒಳಗೆ ಹೋದರು.